ನೋಟಿಸಿಗೆ ಉತ್ತರ ಬರೆಯದೆ ಕೂತರೆ ಬಾಕಿ ಖಾಯಂ ಆಗುತ್ತದೆ

2025ರ ಜುಲೈಯಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿಕೊಂಡಾಗ ಅದರ ಬಿಸಿ ಶಿರೂರು, ಉಪ್ಪುಂದ, ನಾವುಂದ, ತೆಕ್ಕಟ್ಟೆ ಕಡೆಯ ಮನೆಗಳಿಗೂ ತಟ್ಟಿತು. ಯಾಕೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಕರಿ, ಕಾಂಡಿಮೆಂಟ್ಸ್, ಹೋಟೆಲು ಅಂತ ಘಟ್ಟ ಹತ್ತಿದವರು ಒಬ್ಬರಾದರೂ ಇಲ್ಲದ ಕೇರಿ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಲ್ಲಿಯ ಗಲ್ಲಾಪೆಟ್ಟಿಗೆಗೆ ಬಂದ ನೋಟಿಸು ಇಲ್ಲಿಯ ಮನೆ ಸಾಲಕ್ಕೆ, ತಂಗಿಯ ಮದುವೆಗೆ, ಅಮ್ಮನ ಮದ್ದಿಗೆ ಬಂದ ನೋಟಿಸೇ.

ಆಗಿದ್ದೇನು ಅಂತ ಮೊದಲು ನೆನಪಿಸಿಕೊಳ್ಳೋಣ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರ ವರೆಗಿನ ನಾಲ್ಕು ವರ್ಷಗಳ ಯುಪಿಐ ವ್ಯವಹಾರದ ಲೆಕ್ಕವನ್ನು ಪೇಮೆಂಟ್ ಕಂಪನಿಗಳಿಂದ ತರಿಸಿಕೊಂಡಿತು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿಯೂ ಜಿಎಸ್‌ಟಿ ನೋಂದಣಿ ಮಾಡಿಸದವರಿಗೆ ನೋಟಿಸು ಕಳಿಸಿತು. ಅದರಲ್ಲಿ ದೇಶಕ್ಕೇ ಸುದ್ದಿಯಾದದ್ದು ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯ ಪ್ರಕರಣ. ನಾಲ್ಕು ವರ್ಷದಲ್ಲಿ ಅವರ ಖಾತೆಗೆ ಯುಪಿಐ ಮೂಲಕ 1.63 ಕೋಟಿ ರೂಪಾಯಿ ಬಂದಿತ್ತು. ನೋಟಿಸಿನಲ್ಲಿ ಇದ್ದದ್ದು 29 ಲಕ್ಷ ರೂಪಾಯಿ.

ಈ ಎರಡು ಅಂಕಿಯನ್ನು ಮೊಬೈಲಿನ ಕ್ಯಾಲ್ಕುಲೇಟರಿಗೆ ಹಾಕಿ ನೋಡಿ. 1.63 ಕೋಟಿಗೆ ಶೇ 18 ಅಂದರೆ 29.34 ಲಕ್ಷ. ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 40.75 ಲಕ್ಷ, ಗಡಿಯ ಗೆರೆಯ ಮೇಲೆಯೇ ನಿಂತ ವ್ಯಾಪಾರ. ಖಾತೆಗೆ ಬಂದ ಅಷ್ಟೂ ಹಣವನ್ನು ಶೇ 18ರ ಮಾಲು ಅಂತ ಹಿಡಿದರೆ ಸಿಗುವ ಮೊತ್ತಕ್ಕೂ ನೋಟಿಸಿನ ಮೊತ್ತಕ್ಕೂ ಹೆಚ್ಚು ಅಂತರವಿಲ್ಲ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ತೆರಿಗೆ ಇಲ್ಲದ ವಸ್ತುವನ್ನು ಮಾತ್ರ ಮಾರುವವರು 23ನೇ ಸೆಕ್ಷನ್ ಪ್ರಕಾರ ನೋಂದಣಿಯನ್ನೂ ಮಾಡಿಸಬೇಕಾಗಿಲ್ಲ, ವ್ಯಾಪಾರ ಎಷ್ಟೇ ಇರಲಿ.

ಗಲಾಟೆ ಜೋರಾದಾಗ ಇಲಾಖೆ ಹೇಳಿದ್ದು, ಇದು ತೆರಿಗೆ ಕಟ್ಟಿ ಎಂಬ ಆದೇಶ ಅಲ್ಲ, ವಿವರಣೆ ಕೇಳಿದ್ದು ಅಷ್ಟೇ ಅಂತ. ಕಾನೂನಿನ ಮಟ್ಟಿಗೆ ಅದು ಸರಿ. ಆದರೆ 29 ಲಕ್ಷ ಅಂತ ಬರೆದ ಕಾಗದ ಕೈಗೆ ಬಂದ ತರಕಾರಿಯವನಿಗೆ ಅದು ಪ್ರಶ್ನೆಯ ಹಾಗೆ ಕೇಳಿಸುವುದಿಲ್ಲ ಮಾರಾಯ್ರೆ. ಕೇಳುವುದನ್ನು ಕೇಳುವ ಧಾಟಿಯಲ್ಲೇ ಕೇಳಬೇಕಿತ್ತು. ನೀವು ಏನು ಮಾರುತ್ತೀರಿ ಅಂತ ಒಂದು ಸಾಲಿನ ಕಾಗದ ಮೊದಲು ಹೋಗಿದ್ದರೆ ಅರ್ಧ ಪ್ರಕರಣ ಅಲ್ಲೇ ಮುಗಿಯುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಮುಂದೆ ವ್ಯಾಪಾರಿಗಳು ಹಾಲು ಮಾರಾಟ ನಿಲ್ಲಿಸಿ, ಗಿರಾಕಿಗೆ ಕಪ್ಪು ಚಹಾ ಕೊಟ್ಟು ಪ್ರತಿಭಟಿಸಿದರು. ಜುಲೈ 25ಕ್ಕೆ ಬಂದ್ ಅಂತ ಕರೆ ಕೊಟ್ಟಿದ್ದರು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ಇನ್ನು ಮುಂದೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಲೇಬೇಕು ಎಂದರು. ಬಂದ್ ನಿಂತಿತು. ಊರಲ್ಲಿ ಎಲ್ಲರೂ ಉಸಿರು ಬಿಟ್ಟರು.

ನಾವು ತಕರಾರು ಎತ್ತುವುದು ಇಲ್ಲಿಯೇ. ‘ಮನ್ನಾ ಆಯ್ತಲ್ಲ, ಇನ್ನೆಂತಕ್ಕೆ ಉತ್ತರ ಬರೆಯುದು?’ ಎಂಬ ಮಾತು ಹರಡಿತಲ್ಲ, ಅದು ಅಪಾಯದ ಮಾತು. ಸಹಕಾರಿ ಸಂಘದ ಬೆಳೆಸಾಲ ಮನ್ನಾ ಮಾಡಿದ ಹಾಗೆ ಜಿಎಸ್‌ಟಿಯನ್ನು ರಾಜ್ಯ ಸರ್ಕಾರ ಒಂದೇ ಮನಸ್ಸು ಮಾಡಿ ಮನ್ನಾ ಮಾಡಲು ಬರುವುದಿಲ್ಲ. ಅದರಲ್ಲಿ ಅರ್ಧ ಪಾಲು ಕೇಂದ್ರದ್ದು. ಕಾಯ್ದೆಯಲ್ಲಿ ದಾರಿ ಬೇಕು, ಜಿಎಸ್‌ಟಿ ಮಂಡಳಿಯ ಶಿಫಾರಸು ಬೇಕು. ನಿಜವಾದ ರಿಯಾಯಿತಿ ಹೇಗಿರುತ್ತದೆ ಎಂಬುದಕ್ಕೆ ಈಚಿನ ಉದಾಹರಣೆಯೇ ಇದೆ. 2017-18, 2018-19, 2019-20ರ ಬಾಕಿಗೆ ಅಸಲು ತೆರಿಗೆ ಕಟ್ಟಿದರೆ ಬಡ್ಡಿ, ದಂಡ ಬೇಡ ಅಂತ 2024ರಲ್ಲಿ ಕಾಯ್ದೆಗೆ 128ಎ ಎಂಬ ಹೊಸ ಸೆಕ್ಷನ್ನೇ ಸೇರಿಸಿದರು. 2025ರ ಮಾರ್ಚ್ 31ರೊಳಗೆ ಕಟ್ಟಿ ಅಂತ ದಿನಾಂಕ ಕೊಟ್ಟರು. ಕಟ್ಟಿ, ಅರ್ಜಿ ಹಾಕಿದವರಿಗೆ ಪ್ರಕರಣ ಮುಗಿಸಿ ಆದೇಶ ಕೊಡುವ ವ್ಯವಸ್ಥೆಯನ್ನೂ ಅದರಲ್ಲೇ ಇಟ್ಟರು. ರಿಯಾಯಿತಿ ಅಂದರೆ ಅದು. ಟಿವಿಯಲ್ಲಿ ಕೇಳಿದ ಮಾತು ನಾಳೆ ಬೇರೆ ಅಧಿಕಾರಿ ಫೈಲು ತೆಗೆದಾಗ ನಿಮ್ಮ ಕೈ ಹಿಡಿಯುವುದಿಲ್ಲ. ನೋಟಿಸು ಬಂದವರು ‘ನಿಮ್ಮ ಪ್ರಕರಣ ಕೈಬಿಡಲಾಗಿದೆ’ ಎಂಬ ಲಿಖಿತ ಆದೇಶ ಕೇಳಿ ಪಡೆಯಬೇಕು. ಅದು ಕೈಗೆ ಸಿಗುವ ತನಕ ಪ್ರಕರಣ ಇದೆ ಅಂತಲೇ ಲೆಕ್ಕ.

ಇನ್ನು ನಮ್ಮ ಹಳ್ಳಿ ಅಂಗಡಿಯ ಕ್ಯೂಆರ್ ಕೋಡಿನ ಕಥೆ. ಅದಕ್ಕೆ ಬೀಳುವ ಹಣವೆಲ್ಲ ವ್ಯಾಪಾರ ಅಲ್ಲ ಎಂಬುದು ಗಲ್ಲಾದಲ್ಲಿ ಕೂತವರಿಗೆ ಗೊತ್ತು, ಬೆಂಗಳೂರಿನ ಕಂಪ್ಯೂಟರಿಗೆ ಗೊತ್ತಿಲ್ಲ. ಎಟಿಎಂ ದೂರ ಇರುವ ಊರಲ್ಲಿ ಜಿನಸಿನ ಅಂಗಡಿಯೇ ಎಟಿಎಂ. ‘ಹ್ವಾಯ್, ಎರಡ್ ಸಾವ್ರ ಗೂಗಲ್ ಪೇ ಮಾಡ್ತೆ, ಕ್ಯಾಶ್ ಕೊಡಿ ಕಾಂಬ’ ಅಂತ ದಿನಕ್ಕೆ ಎಷ್ಟು ಜನ ಬರುತ್ತಾರೆ? ಮೆಸ್ಕಾಂ ಬಿಲ್ಲು ಕಟ್ಟಿಕೊಡುವುದು, ಮೊಬೈಲಿಗೆ ಕರೆನ್ಸಿ ಹಾಕಿಕೊಡುವುದು ಬೇರೆ. ಅಲ್ಲಿ ಅಂಗಡಿಯವನಿಗೆ ಉಳಿಯುವುದು ನಾಲ್ಕು ಕಾಸು ಕಮಿಷನ್. ಬೆಂಗಳೂರಿನ ಮಗ ಮನೆ ಖರ್ಚಿಗೆ ಕಳಿಸುವುದು ಅದೇ ಖಾತೆಗೆ. ಗಣೇಶೋತ್ಸವದ ವಂತಿಗೆ, ಯಕ್ಷಗಾನದ ಖರ್ಚಿಗೆ ಒಟ್ಟು ಮಾಡಿದ ದುಡ್ಡು ಎಲ್ಲವೂ ಅದೇ ಕೋಡಿಗೆ, ಯಾಕೆಂದರೆ ಊರಲ್ಲಿ ಸ್ಕ್ಯಾನ್ ಮಾಡಿದರೆ ಟಣ್ ಅಂತ ಹೇಳುವ ಪೆಟ್ಟಿಗೆ ಇರುವುದು ಅವನ ಅಂಗಡಿಯಲ್ಲಿ. ಗಂಗೊಳ್ಳಿ, ಮರವಂತೆ ಕಡೆ ಮೀನು ಬುಟ್ಟಿ ಹೊತ್ತು ಬರುವ ಹೆಂಗಸರ ಕ್ಯೂಆರ್ ಮಗನ ಖಾತೆಯದ್ದೋ ಅಳಿಯನದ್ದೋ ಆಗಿದ್ದರೂ ಆಶ್ಚರ್ಯವಿಲ್ಲ. ತಾಜಾ ಮೀನಿಗೂ ಜಿಎಸ್‌ಟಿ ಇಲ್ಲ, ಆದರೆ ಆ ಅಳಿಯನಿಗೆ ಮೊಬೈಲ್ ಅಂಗಡಿ ಇದ್ದರೆ ಮೀನಿನ ದುಡ್ಡು ಮೊಬೈಲಿನ ಲೆಕ್ಕಕ್ಕೆ ಸೇರಿತು!

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಒಂದು ಜಿನಸಿನ ಅಂಗಡಿಯ ಖಾತೆಗೆ ವರ್ಷಕ್ಕೆ ಯುಪಿಐಯಲ್ಲಿ 46 ಲಕ್ಷ ಬಂತು ಎನ್ನಿ. ಅದರಲ್ಲಿ ಎಟಿಎಂ ಬದಲಿಗೆ ನಗದು ಕೊಟ್ಟದ್ದು 4 ಲಕ್ಷ, ಮಗ ತಿಂಗಳಿಗೆ 20 ಸಾವಿರದಂತೆ ಕಳಿಸಿದ್ದು 2.4 ಲಕ್ಷ, ಗಣೇಶೋತ್ಸವದ ವಂತಿಗೆ 60 ಸಾವಿರ. ಒಟ್ಟು 7 ಲಕ್ಷ ಕಳೆದರೆ ಉಳಿದದ್ದು 39 ಲಕ್ಷ, ಮಿತಿಯ ಒಳಗೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವು ಸುಳ್ಳು ಹೇಳಿದ ಹಾಗೆ. ನಗದಿನಲ್ಲಿ ಆದ ವ್ಯಾಪಾರವೂ ಸೇರಬೇಕು. ಅದು 5 ಲಕ್ಷ ಇದ್ದರೆ ಒಟ್ಟು 44 ಲಕ್ಷ. ನೋಂದಣಿ ಮಾಡಿಸಲೇಬೇಕು. ಹಾಲು, ತರಕಾರಿ ಅಂತ ತೆರಿಗೆ ಇಲ್ಲದ ಮಾಲು 14 ಲಕ್ಷದ್ದು ಇದ್ದರೂ, ಬೇರೆ ತೆರಿಗೆಯ ಮಾಲನ್ನೂ ಮಾರುವವರಿಗೆ 40 ಲಕ್ಷದ ಮಿತಿ ಲೆಕ್ಕ ಹಾಕುವಾಗ ಅದೂ ಸೇರುತ್ತದೆ. ತೆರಿಗೆ ಹಾಕುವಾಗ ಮಾತ್ರ ಆ 14 ಲಕ್ಷ ಬಿಟ್ಟು 30 ಲಕ್ಷಕ್ಕೆ ಹಾಕಬೇಕು. (ಹಾಲು ಅಂದರೆ ಹಾಲು ಮಾತ್ರ. ಪ್ಯಾಕೆಟ್ ಮೊಸರಿಗೆ 2022ರ ಜುಲೈ 18ರಿಂದ ಶೇ 5 ಇದೆ. ಅಕ್ಕಪಕ್ಕ ಒಂದೇ ಫ್ರಿಜ್ಜಿನಲ್ಲಿ ಇರುತ್ತವೆ, ಲೆಕ್ಕ ಬೇರೆ ಬೇರೆ.)

ಈಗ ನೋಡಿ. ಈ ಅಂಗಡಿಯವರು ಮೊದಲೇ ನೋಂದಣಿ ಮಾಡಿಸಿ ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಪದ್ಧತಿಗೆ ಸೇರಿದ್ದರೆ ಕಟ್ಟಬೇಕಾದದ್ದು 30 ಲಕ್ಷಕ್ಕೆ ಶೇ 1. ವರ್ಷಕ್ಕೆ 30 ಸಾವಿರ, ತಿಂಗಳಿಗೆ ಎರಡೂವರೆ ಸಾವಿರ. ಸೇರದೆ ಇದ್ದುದಕ್ಕೆ 46 ಲಕ್ಷಕ್ಕೂ ಶೇ 18 ಹಾಕಿದರೆ 8.28 ಲಕ್ಷ, ಬಡ್ಡಿ ಬೇರೆ. ರಾಜಿ ಪದ್ಧತಿಗೆ ಹಿಂದಿನ ವರ್ಷಗಳಿಗೆ ಸೇರುವ ಹಾಗಿಲ್ಲ, ಸೇರಿದ ದಿನದಿಂದ ಮುಂದಕ್ಕೆ ಮಾತ್ರ. ವಂಚನೆ ಮಾಡದ, ಗೊತ್ತಿಲ್ಲದೆ ಹೊರಗುಳಿದ ಸಣ್ಣವರಿಗೆ ಹಿಂದಿನ ವರ್ಷಗಳ ಮಟ್ಟಿಗೂ ಶೇ 1ರಲ್ಲೇ ಮುಗಿಸಲು ಒಂದು ಅವಕಾಶವನ್ನು ಜಿಎಸ್‌ಟಿ ಮಂಡಳಿ ಕೊಡಬೇಕು, ರಾಜ್ಯ ಸರ್ಕಾರ ಅಲ್ಲಿ ಹೋಗಿ ಅದನ್ನು ಕೇಳಬೇಕು. ನೋಂದಾಯಿತ ದೊಡ್ಡ ವ್ಯಾಪಾರಿಗಳಿಗೆ 128ಎ ತರಲು ಬರುವುದಾದರೆ ಗೂಡಂಗಡಿಯವರಿಗೆ ಇಷ್ಟು ಮಾಡಲು ಯಾಕೆ ಬರಬಾರದು?

ಇದರ ನಡುವೆ ಕ್ಯೂಆರ್ ಕಿತ್ತು ಹಾಕುವುದೇ ಉಪಾಯ ಅಂತ ಹೇಳುವವರು ಇದ್ದಾರೆ. ಹಾಗೆ ಮಾಡಿದರೆ ಹಿಂದಿನ ನಾಲ್ಕು ವರ್ಷದ ಲೆಕ್ಕ ಅಳಿಸಿ ಹೋಗುವುದಿಲ್ಲ. ಮುಂದಿನದಕ್ಕೂ ತೆರಿಗೆ ಇರುವುದು ವ್ಯಾಪಾರದ ಮೇಲೆ, ಯುಪಿಐ ಮೇಲೆ ಅಲ್ಲ. ಅದರ ಬದಲು ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಒಂದು ಖಾತೆ ಅಂತ ಬೇರೆ ಮಾಡಿ. ವಂತಿಗೆಯ ಕೋಡು ಸಮಿತಿಯವರೇ ಇಟ್ಟುಕೊಳ್ಳಲಿ. ಖರೀದಿ ಬಿಲ್ಲನ್ನು ಡಬ್ಬಿಗೆ ಹಾಕಿ ಇಡಿ, ಮಳೆಗಾಲದಲ್ಲಿ ಒದ್ದೆಯಾಗದ ಜಾಗದಲ್ಲಿ.

ನೋಟಿಸು ಬಂದವರಿಗೆ ದಾರಿ ಹೇಗೆ? ಮೊದಲು ಅದು ನಿಜವಾದದ್ದೋ ಅಂತ ನೋಡಿ. ಈ ಗಲಾಟೆಯಲ್ಲಿ ಮೋಸದವರಿಗೂ ಸುಗ್ಗಿ. ವಾಟ್ಸಾಪಿನಲ್ಲಿ ಲಿಂಕ್ ಕಳಿಸಿ ಈಗಲೇ ದುಡ್ಡು ಹಾಕಿ ಎಂದರೆ ಹಾಕಬೇಡಿ. ನೋಟಿಸಿನ ಉಲ್ಲೇಖ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪರಿಶೀಲಿಸಬಹುದು, ಅಥವಾ ಕಚೇರಿಗೆ ಹೋಗಿಯೇ ಕೇಳಬಹುದು. ಆಮೇಲೆ ಮೇಲ್ಗಡೆ ಯಾವ ನಮೂನೆ ಎಂದು ಓದಿ. ಡಿಆರ್‌ಸಿ-01ಎ ಆದರೆ ಅದು ನೋಟಿಸಿಗೂ ಮೊದಲಿನ ತಿಳಿವಳಿಕೆ ಪತ್ರ. ಡಿಆರ್‌ಸಿ-01 ಆದರೆ ಕಾರಣ ಕೇಳಿದ ನೋಟಿಸು. ಡಿಆರ್‌ಸಿ-07 ಅಂತ ಇದ್ದರೆ ಆದೇಶವೇ ಆಗಿಹೋಗಿದೆ, ಇನ್ನು ಇರುವುದು ಮೇಲ್ಮನವಿ. ಕಾಗದ ಬಂದ ದಿನವನ್ನು ಅದರ ಮೇಲೆಯೇ ಬರೆದಿಡಿ. ಮುಂದಿನದೆಲ್ಲ ದಿನ ಎಣಿಸುವ ಕೆಲಸ.

ಉತ್ತರವನ್ನು ಕನ್ನಡದಲ್ಲೇ ಬರೆಯಿರಿ. ರಾಜ್ಯದ ಆಡಳಿತ ಭಾಷೆ ಕನ್ನಡ, ನಾಚಿಕೆ ಪಡಬೇಕಾಗಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ವ್ಯಾಪಾರ ಅಲ್ಲದ ಸಾಲುಗಳಿಗೆ ಗುರುತು ಹಾಕಿ, ಯಾರ ಹಣ, ಯಾತಕ್ಕೆ ಬಂತು ಎಂದು ಬರೆಯಿರಿ. ತೆರಿಗೆ ಇಲ್ಲದ ಮಾಲು ಎಷ್ಟು ಎಂಬುದಕ್ಕೆ ಖರೀದಿ ಚೀಟಿ, ಹಾಲಿನ ಡೈರಿಯ ಲೆಕ್ಕ, ಸಂತೆಯ ಚೀಟಿ ಏನಿದೆಯೋ ಅದನ್ನು ಲಗತ್ತಿಸಿ. ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರಿಗೂ, ಸಿದ್ದಾಪುರ, ಶಂಕರನಾರಾಯಣ ಕಡೆಯ ಅಡಿಕೆ ಬೆಳೆಗಾರರಿಗೂ ಒಂದು ಮಾತು: ಸ್ವಂತ ಜಮೀನಿನ ಬೆಳೆ ಮಾರುವ ಕೃಷಿಕರು ಆ ಬೆಳೆಯ ಮಟ್ಟಿಗೆ ಜಿಎಸ್‌ಟಿ ನೋಂದಣಿಯಿಂದ ಹೊರಗೆ. ಅವರಿಗೆ ಪಹಣಿಯೇ ದೊಡ್ಡ ದಾಖಲೆ. ಕೊನೆಯಲ್ಲಿ ‘ನನ್ನನ್ನು ಖುದ್ದಾಗಿ ಕರೆದು ಕೇಳಬೇಕು’ ಎಂದು ಒಂದು ಸಾಲು ತಪ್ಪದೆ ಬರೆಯಿರಿ. 75ನೇ ಸೆಕ್ಷನ್ ಪ್ರಕಾರ ಹಾಗೆ ಬರೆದು ಕೇಳಿದವರಿಗೆ ವಿಚಾರಣೆಯ ಅವಕಾಶ ಕೊಡಲೇಬೇಕು. ಬರೆಯದಿದ್ದರೂ, ನಿಮ್ಮ ವಿರುದ್ಧ ತೀರ್ಮಾನಿಸುವ ಮೊದಲು ಕರೆಯಬೇಕು. ನೋಟಿಸಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮೊತ್ತವನ್ನಾಗಲೀ, ಅದರಲ್ಲಿ ಇಲ್ಲದ ಹೊಸ ಕಾರಣವನ್ನಾಗಲೀ ಆದೇಶದಲ್ಲಿ ಸೇರಿಸುವಂತಿಲ್ಲ ಎಂಬುದೂ ಅದೇ ಸೆಕ್ಷನ್ನಿನಲ್ಲಿದೆ. ಕೊಟ್ಟ ಉತ್ತರಕ್ಕೆ ಮೊಹರು ಹಾಕಿದ ಪ್ರತಿ ತೆಗೆದುಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ತೆರಿಗೆ ಬರಬೇಕಾದದ್ದು ನಿಜ ಅಂತ ನಿಮಗೇ ಅನಿಸಿದರೆ ಎಳೆಯುವುದರಲ್ಲಿ ಲಾಭ ಇಲ್ಲ. ಬಡ್ಡಿ ವರ್ಷಕ್ಕೆ ಶೇ 18. ಯಾವ ಸಂಘದ ಸಾಲಕ್ಕೂ ಅಷ್ಟು ಇರಲಿಕ್ಕಿಲ್ಲ. 2023-24ರ ವರೆಗಿನ ವರ್ಷಗಳಿಗೆ 73ನೇ ಸೆಕ್ಷನ್ ಕೆಳಗೆ ಬಂದ ಕಾರಣ ಕೇಳಿ ನೋಟಿಸಿಗೆ 30 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ಆ ಸೆಕ್ಷನ್ನಿನ ದಂಡ ಇಲ್ಲ. 2024-25ರಿಂದ ಈಚಿನದಕ್ಕೆ 74ಎ ಎಂಬ ಹೊಸ ಸೆಕ್ಷನ್, ವಂಚನೆಯ ಆರೋಪ ಇಲ್ಲದಿದ್ದರೆ ಅಲ್ಲಿ 60 ದಿನ. ದಿನ ಮೀರಿ ಆದೇಶವಾದರೆ ತೆರಿಗೆಯ ಶೇ 10 ಅಥವಾ 10 ಸಾವಿರ, ಯಾವುದು ಹೆಚ್ಚೋ ಅಷ್ಟು ದಂಡ. ಬೇಕೆಂದೇ ಮುಚ್ಚಿಟ್ಟರು ಅಂತ ತೀರ್ಮಾನವಾದರೆ ತೆರಿಗೆಯಷ್ಟೇ ದಂಡ. ಒಮ್ಮೆಗೆ ಕಟ್ಟಲು ಆಗದವರು ಕಂತು ಕೇಳಬಹುದು. 80ನೇ ಸೆಕ್ಷನ್ ಇರುವುದೇ ಅದಕ್ಕೆ, ತಿಂಗಳ ಕಂತು 24ರ ವರೆಗೆ. ಬಡ್ಡಿ ಓಡುತ್ತಿರುತ್ತದೆ. ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಮ್ಮೆಗೇ ಕಟ್ಟಬೇಕು, ಆದ್ದರಿಂದ ಮಳೆಗಾಲದ ವ್ಯಾಪಾರ ನೆನಪಿಟ್ಟುಕೊಂಡು ಕಂತಿನ ಲೆಕ್ಕ ಮಾಡಿ.

ಆದೇಶ ತಪ್ಪಾಗಿದ್ದರೆ? 107ನೇ ಸೆಕ್ಷನ್ನಿನ ಮೇಲ್ಮನವಿ. ಆದೇಶ ಕೈಗೆ ಬಂದ ಮೂರು ತಿಂಗಳೊಳಗೆ. ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು ಸಿಗಬಹುದು. ಅದೂ ಕಳೆದರೆ ವಿಳಂಬ ಮನ್ನಿಸುವ ಅಧಿಕಾರ ಮೇಲ್ಮನವಿ ಅಧಿಕಾರಿಗೇ ಇಲ್ಲ. ಅಲ್ಲಿಂದ ಮುಂದೆ ಹೈಕೋರ್ಟಿನ ಬಾಗಿಲು, ಅದರ ಖರ್ಚು ಎಷ್ಟಾಗುತ್ತದೆ ಅಂತ ವಕೀಲರನ್ನೇ ಕೇಳಿ. ಮೇಲ್ಮನವಿಗೆ ನೀವು ಒಪ್ಪಿಕೊಂಡ ಮೊತ್ತವನ್ನು ಪೂರ್ತಿ, ತಕರಾರಿನ ತೆರಿಗೆಯ ಶೇ 10ನ್ನು ಮೊದಲೇ ಕಟ್ಟಬೇಕು. ಮೂರು ಲಕ್ಷದ ತಕರಾರು ಎಂದರೆ 30 ಸಾವಿರ. ಅಷ್ಟು ಕಟ್ಟಿದರೆ ಉಳಿದ ಮೊತ್ತದ ವಸೂಲಿ ಮೇಲ್ಮನವಿ ಮುಗಿಯುವ ತನಕ ನಿಲ್ಲುತ್ತದೆ, ಅದಕ್ಕೆ ಬೇರೆ ತಡೆಯಾಜ್ಞೆ ಬೇಡ. ಅದರ ಮೇಲೆ ಜಿಎಸ್‌ಟಿ ನ್ಯಾಯಮಂಡಳಿ. 2017ರಲ್ಲಿ ಬಂದ ತೆರಿಗೆಗೆ ನ್ಯಾಯಮಂಡಳಿ ಶುರುವಾದದ್ದು 2025ರ ಸೆಪ್ಟೆಂಬರಿನಲ್ಲಿ! ಎಂಟು ವರ್ಷ ತೆರಿಗೆ ವಸೂಲಿ ಮಾಡಿದವರು ದೂರು ಕೇಳುವ ಜಾಗ ಕಟ್ಟಲು ಅಷ್ಟು ಸಾವಕಾಶ ಮಾಡಿದರು. ನಮಗೆ ಮಾತ್ರ ಮೂರು ತಿಂಗಳು.

ಹೋರಾಡಿದರೆ ಗೆಲ್ಲುತ್ತೇವೆಯೇ ಅಂದರೆ, ಅದಕ್ಕೆ ಎರಡು ಬಗೆಯ ಉತ್ತರವೂ ಹತ್ತಿರದಲ್ಲೇ ಇದೆ, ಆದಾಯ ತೆರಿಗೆಯ ವಿಚಾರದಲ್ಲಿ. ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ ತನ್ನ ಹೆಚ್ಚುವರಿ ಹಣದ ಠೇವಣಿಯ ಬಡ್ಡಿಗೆ ವಿನಾಯಿತಿ ಕೇಳಿ ಸುಪ್ರೀಂ ಕೋರ್ಟಿನ ವರೆಗೆ ಹೋಗಿ 2010ರಲ್ಲಿ ಸೋತಿತು. ಕೇರಳದ ಕಣ್ಣೂರು ಕಡೆಯ ಮಾವಿಲಾಯಿ ಸಹಕಾರಿ ಬ್ಯಾಂಕು ಅದೇ ಕೋರ್ಟಿನಲ್ಲಿ 2021ರ ಜನವರಿ 12ರಂದು ಗೆದ್ದಿತು. ಕೃಷಿ ಸಹಕಾರಿ ಸಂಘಗಳಿಗೆ ಇರುವ 80ಪಿ ವಿನಾಯಿತಿಯನ್ನು ಇಲಾಖೆ ಕಿರಿದಾಗಿ ಓದಬಾರದು ಎಂಬ ಆ ತೀರ್ಪು ನಮ್ಮ ವ್ಯವಸಾಯ ಸೇವಾ ಸಹಕಾರಿ ಸಂಘಗಳಿಗೂ ಆಸರೆ. ಸಂಘದ ಮಹಾಸಭೆಯಲ್ಲಿ ಸದಸ್ಯರು ಡಿವಿಡೆಂಡ್ ಎಷ್ಟು ಅಂತ ಮಾತ್ರ ಕೇಳದೆ, ಆದಾಯ ತೆರಿಗೆಯ ತಕರಾರು ಏನಿದೆ, ಮೇಲ್ಮನವಿ ಯಾವ ಹಂತದಲ್ಲಿದೆ ಅಂತಲೂ ಕೇಳಲಿ. ಅದು ಸದಸ್ಯರದ್ದೇ ಹಣ. ಆದಾಯ ತೆರಿಗೆಯಲ್ಲಿ ಮೊದಲ ಮೇಲ್ಮನವಿಗೆ 30 ದಿನ ಮಾತ್ರ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.

ಇಲಾಖೆಯವರಿಗೂ ಹೇಳಬೇಕಾದದ್ದು ಇದೆ. ಜಿಎಸ್‌ಟಿ ತಿಳಿಯಿರಿ ಅಂತ ಅಭಿಯಾನ ಮಾಡಿದ್ದೀರಿ, ಒಳ್ಳೆಯದು. ಆದರೆ ಅದು ಸಭಾಂಗಣದ ಭಾಷಣ ಆಗಿ ಮುಗಿಯಬಾರದು. ಬೈಂದೂರಿನ ಗೂಡಂಗಡಿಯವನು ಒಂದು ವಿವರಣೆ ಕೊಡಲು ಒಂದು ದಿನದ ವ್ಯಾಪಾರ ಬಿಟ್ಟು ಬಸ್ಸು ಹತ್ತಬೇಕು. ಅಂಗಡಿಯಲ್ಲಿ ಅವನೊಬ್ಬನೇ. ತಿಂಗಳಿಗೊಮ್ಮೆ ಬೈಂದೂರು, ಬ್ರಹ್ಮಾವರದ ತಾಲೂಕು ಕಚೇರಿಯಲ್ಲಿ ಒಬ್ಬ ಅಧಿಕಾರಿ ಮೇಜು ಹಾಕಿ ಕೂತು, ನೋಟಿಸಿಗೆ ಉತ್ತರ ತೆಗೆದುಕೊಂಡು ಮೊಹರು ಹಾಕಿ ಕೊಡಲಿ. ನೋಟಿಸು ಅಚ್ಚ ಕನ್ನಡದಲ್ಲಿ ಇರಲಿ. ಯಾವ ವರ್ಷ, ಯಾವ ಖಾತೆ, ಎಷ್ಟು ಹಣ, ಯಾವ ದರ ಅಂತ ಬಿಡಿಸಿ ಬರೆಯಲಿ. ಕೈಬಿಟ್ಟ ಪ್ರಕರಣಗಳ ಆದೇಶವನ್ನು ಕೇಳುವ ಮೊದಲೇ ಅಂಚೆಯಲ್ಲಿ ಕಳಿಸಲಿ. ನೋಟಿಸು ಕಳಿಸಲು ಸಿಕ್ಕಿದ ವಿಳಾಸ ಅದಕ್ಕೂ ಸಾಕಾಗುತ್ತದೆ.

ಘಟ್ಟದ ಮೇಲೆ ಅಂಗಡಿ ಇಟ್ಟ ಮಗನಿಗೋ ತಮ್ಮನಿಗೋ ನೋಟಿಸು ಬಂದು, ಅದು ಊರಿನ ಮನೆಯ ವಿಳಾಸಕ್ಕೆ ತಲುಪಿದ್ದರೆ ದೇವರ ಕೋಣೆಯ ಕಪಾಟಿನಲ್ಲಿ ಇಡಬೇಡಿ. ಎರಡೂ ಬದಿ ಫೋಟೋ ತೆಗೆದು, ಪೋಸ್ಟಿನವರು ಕೊಟ್ಟ ದಿನ ಬರೆದು, ಇವತ್ತೇ ಅವರಿಗೆ ಕಳಿಸಿ.